ಬಾನುಲಿಯ ಕಥನಕಲೆ

ಪತ್ರಿಕೆಯನ್ನು ಓದುವವರಿಗೆ ಒಂದು ಅನುಕೂಲವಿದೆ. ಒಂದು ವಾಕ್ಯ ತಿಳಿಯದಿದ್ದರೆ ಅದನ್ನು ಮತ್ತೊಮ್ಮೆ ಓದಬಹುದು. ಬಿಡುವಿಲ್ಲದಿದ್ದರೆ ಮಡಚಿಟ್ಟು ಸಂಜೆ ಓದಬಹುದು. ಬಾನುಲಿಯನ್ನು ಕೇಳುವವರಿಗೆ ಈ ಅನುಕೂಲವಿಲ್ಲ. ಆಡಿದ ಮಾತು ಆ ಕ್ಷಣವೇ ಗಾಳಿಯಲ್ಲಿ ಕರಗಿಹೋಗುತ್ತದೆ. ಹೇಳುವವರ ಮುಖವೂ ಕಾಣುವುದಿಲ್ಲ. ಒಲೆಯ ಮುಂದೆ ಹಿಟ್ಟು ತೊಳಸುತ್ತಲೋ, ಮಗ್ಗದಲ್ಲಿ ಕುಳಿತು ನೇಯುತ್ತಲೋ ಜನ ಅದನ್ನು ಕೇಳುತ್ತಿರುತ್ತಾರೆ. ಇಂತಹ ಕೇಳುಗರಿಗೆ ಒಂದೇ ಸಲಕ್ಕೆ ಅರ್ಥವಾಗುವಂತೆ, ತಪ್ಪಿಲ್ಲದಂತೆ, ನೆನಪಿನಲ್ಲಿ ನಿಲ್ಲುವಂತೆ ವಿಷಯವನ್ನು ತಿಳಿಸುವುದೇ ಬಾನುಲಿ ಪತ್ರಿಕಾವೃತ್ತಿಯ ಕಲೆ.

ಕನ್ನಡ ನಾಡಿನಲ್ಲಿ ಈ ಕಲೆಯ ಅಭ್ಯಾಸ ಆರಂಭವಾದುದು ಒಂದು ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ 'ವಿಠ್ಠಲ ವಿಹಾರ'ವೆಂಬ ತಮ್ಮ ನಿವಾಸದಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ತೆರೆದರು. ಮೊದಲು ಅದರ ಯಂತ್ರಕ್ಕಿದ್ದ ಶಕ್ತಿ ಕೇವಲ 30 ವಾಟ್. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಮುಂದೆ ಭಾರತದ ಸರ್ಕಾರಿ ಬಾನುಲಿಗೆಲ್ಲ ಆ ಹೆಸರೇ ನಿಂತಿತು. ಕೆಲವು ವರ್ಷಗಳ ತರುವಾಯ ಮೈಸೂರು ಸಂಸ್ಥಾನವು ಈ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಸಾಗಿತು. ಯಂತ್ರ ಚಿಕ್ಕದಾದರೂ ಕೇಳಿಸಬೇಕಾದ ಮಾತು ದೊಡ್ಡದಾಗಿರಬಹುದು ಎಂಬುದನ್ನು ಈ ಇತಿಹಾಸವು ತೋರಿಸುತ್ತದೆ.

ಆದರೆ ಕಿವಿಗೆ ಕಥೆ ಹೇಳುವ ಕಲೆ ಬಾನುಲಿಗಿಂತ ಬಹಳ ಹಳೆಯದು. ಮೈಸೂರಿನ ಆಗ್ನೇಯಕ್ಕಿರುವ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯೇ ಇದಕ್ಕೆ ಸಾಕ್ಷಿ. ಇಲ್ಲಿ ಕಂಸಾಳೆಯವರು ಮಲೆಯ ಮಾದೇಶ್ವರನ ಕಥೆಯನ್ನು ಹಾಡುತ್ತಾರೆ. ನೀಲಗಾರರು ತಂಬೂರಿ ಮೀಟುತ್ತ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ಹಾಡುತ್ತಾರೆ. ಎದುರಿಗೆ ಪುಸ್ತಕವಿಲ್ಲ, ಚಿತ್ರವಿಲ್ಲ. ಆದರೂ ಜನರು ರಾತ್ರಿಯಿಡೀ ಕುಳಿತು ಕೇಳುತ್ತಾರೆ. ಇದರ ಗುಟ್ಟು ಹೇಳುವ ಕ್ರಮದಲ್ಲಿದೆ. ಹಾಡಿನ ನಡುವೆ ಮಾತು, ಮಾತಿನ ನಡುವೆ ಹಾಡು ಬರುತ್ತದೆ. ಮುಖ್ಯ ಗಾಯಕನ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಂಡು ಮರಳಿ ಹಾಡುವುದರಿಂದ ಕೇಳುವವರಿಗೆ ಅದು ಎರಡನೆಯ ಸಲ ದೊರೆಯುತ್ತದೆ. ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಯಾರ ಕಥೆ ನಡೆಯುತ್ತಿದೆಯೆಂಬುದು ಮರೆಯುವುದಿಲ್ಲ. ಬಾನುಲಿಗೆ ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಇಲ್ಲ.

ಈ ಕಲೆಯ ಮೊದಲ ನಿಯಮ, ಕಿವಿಗಾಗಿ ಬರೆಯಬೇಕೆಂಬುದು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಬಿನಿ, ಕೃಷ್ಣರಾಜಸಾಗರ ಜಲಾಶಯಗಳಿಂದ ಹೆಚ್ಚು ನೀರು ಹರಿದುಬಂದಾಗ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯ ದಡದ ದಾಸನಪುರ, ಹಳೇಹಂಪಾಪುರ ಮೊದಲಾದ ಹಳ್ಳಿಗಳಿಗೆ ಪ್ರವಾಹ ನುಗ್ಗಿತು. ಅಂತಹ ದಿನ ಬಾನುಲಿಯು, "ಒಳಹರಿವಿನ ಹೆಚ್ಚಳದ ಪ್ರಯುಕ್ತ ಒಂದು ಲಕ್ಷ ಕ್ಯೂಸೆಕ್ ಪ್ರಮಾಣದ ನೀರನ್ನು ಹೊರಬಿಡಲಾಗಿರುವುದರಿಂದ ನದೀಪಾತ್ರದ ಗ್ರಾಮಸ್ಥರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು" ಎಂದು ಹೇಳಿತೆನ್ನೋಣ. ಈ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ದಡದ ಮನೆಯಲ್ಲಿರುವ ಮುದುಕಿಗೆ ಇದರಿಂದ ಏನು ತಿಳಿಯಿತು? ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು ಎಂಬುದು ಇಂಜಿನಿಯರಿಗೆ ಗೊತ್ತು, ಆಕೆಗೆ ಗೊತ್ತಿರಬೇಕಾಗಿಲ್ಲ. ಅದೇ ಸಂಗತಿಯನ್ನು, "ಹೊಳೆಯ ದಡದ ಊರಿನವರು ಗಮನವಿಟ್ಟು ಕೇಳಬೇಕು. ಇಂದು ರಾತ್ರಿ ಹೊಳೆ ಏರುತ್ತದೆ. ಕತ್ತಲಾಗುವ ಮೊದಲೇ ದನಕರುಗಳನ್ನು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋಗಿ" ಎಂದು ಹೇಳಿದರೆ ಆಕೆ ಏಳುತ್ತಾಳೆ. ಮೊದಲು ಯಾರಿಗೆ ಎಂಬುದು, ಆಮೇಲೆ ಏನು ಎಂಬುದು, ಕೊನೆಗೆ ಏನು ಮಾಡಬೇಕು ಎಂಬುದು. ಒಂದು ವಾಕ್ಯಕ್ಕೆ ಒಂದೇ ಸಂಗತಿ.

ಹೇಳುವ ಮೊದಲು ನಿಜವನ್ನು ಅರಿಯಬೇಕು. ಇದು ಎರಡನೆಯ ನಿಯಮ. ನೀರು ಯಾವಾಗ ಬರುವುದೆಂಬುದನ್ನು ಅಣೆಕಟ್ಟಿನ ಅಧಿಕಾರಿಗಳಿಂದ ತಿಳಿಯಬೇಕು. ಎಲ್ಲಿಯವರೆಗೆ ಬಂದಿದೆಯೆಂಬುದನ್ನು ದಡದಲ್ಲಿರುವವರಿಂದ ತಿಳಿಯಬೇಕು. ಎರಡೂ ಹೊಂದದಿದ್ದರೆ ಮತ್ತೆ ವಿಚಾರಿಸಬೇಕು. ಪತ್ರಿಕೆಯ ತಪ್ಪಿಗೆ ಮರುದಿನ ತಿದ್ದುಪಡಿ ಹಾಕಬಹುದು. ಬಾನುಲಿಯ ತಪ್ಪನ್ನು ಕೇಳಿದವರು ತಿದ್ದುಪಡಿಯನ್ನೂ ಕೇಳಿಯೇ ಕೇಳುತ್ತಾರೆಂಬ ಭರವಸೆಯಿಲ್ಲ.

ಮೂರನೆಯದು ಕೇಳುವ ವಿದ್ಯೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರೊಬ್ಬರನ್ನು, "ಜೇನು ಕೊಯ್ಯುವುದು ಬಹಳ ಕಷ್ಟವಲ್ಲವೇ?" ಎಂದು ಕೇಳಿದರೆ ಅವರು "ಹೌದು" ಎಂದು ಸುಮ್ಮನಾಗಬಹುದು. "ಮರ ಹತ್ತುವ ಮೊದಲು ಏನೇನು ಮಾಡುತ್ತೀರಿ, ಅಜ್ಜಾ?" ಎಂದು ಕೇಳಿದರೆ ಕಾಡಿನ ಕಥೆಯೇ ಹೊರಬರುತ್ತದೆ. ಉತ್ತರ ಮುಗಿಯಿತೆಂದು ತೋರಿದೊಡನೆ ಮುಂದಿನ ಪ್ರಶ್ನೆಗೆ ಹಾರಬಾರದು. ಸ್ವಲ್ಪ ಹೊತ್ತು ಕಾಯಬೇಕು. ಮನುಷ್ಯರು ಅನೇಕ ವೇಳೆ ಮುಖ್ಯವಾದ ಮಾತನ್ನು ಆ ಮೌನದ ಅನಂತರವೇ ಆಡುತ್ತಾರೆ. ಮೈಕನ್ನು ಬಾಯಿಂದ ಸುಮಾರು ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಬೇಕು. ನೇರವಾಗಿ ಹಿಡಿದರೆ ಪಕಾರ, ಬಕಾರಗಳ ಉಸಿರು ಅದಕ್ಕೆ ಬಡಿದು ಸಿಡಿದಂತೆ ಕೇಳಿಸುತ್ತದೆ.

ಮಾತಿನಂತೆ ಸದ್ದೂ ಕಥೆ ಹೇಳುತ್ತದೆ. ಕೊಳ್ಳೇಗಾಲವು ರೇಷ್ಮೆ ಸೀರೆಗೆ ಹೆಸರಾದ ಊರು. ಅಲ್ಲಿಯ ನೇಕಾರರನ್ನು ಕುರಿತ ಕಾರ್ಯಕ್ರಮವು ಮಗ್ಗದ ಸದ್ದಿನಿಂದ ಆರಂಭವಾದರೆ ಕೇಳುಗರು ವರ್ಣನೆಯಿಲ್ಲದೆಯೇ ಆ ಮನೆಯೊಳಗೆ ಹೋಗುತ್ತಾರೆ. ಅನುಭವಿಗಳು ಯಾರೂ ಮಾತಾಡದಿರುವಾಗಿನ ಸ್ಥಳದ ಸದ್ದನ್ನೂ ಒಂದು ನಿಮಿಷ ಮುದ್ರಿಸಿಕೊಳ್ಳುತ್ತಾರೆ. ಸಂಕಲನದಲ್ಲಿ ಎರಡು ಮಾತುಗಳನ್ನು ಜೋಡಿಸುವಾಗ ಅದು ನಡುವಿನ ಬಿರುಕನ್ನು ಮುಚ್ಚುತ್ತದೆ. ಆದರೆ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದು ಕಲೆಯಲ್ಲ, ಮೋಸ.

ಇಲ್ಲಿ ಭಾಷೆಯ ಪ್ರಶ್ನೆಯೂ ಏಳುತ್ತದೆ. ಹನೂರಿನ ರೈತನ ಮಾತು ಪುಸ್ತಕದ ಮಾತಿನಂತಿರುವುದಿಲ್ಲ. ಅದನ್ನು ತಿದ್ದಿ ಬೇರೊಬ್ಬರಿಂದ ಓದಿಸಿದರೆ ವಿಷಯ ಉಳಿಯಬಹುದು, ಮನುಷ್ಯ ಉಳಿಯುವುದಿಲ್ಲ. ತನ್ನ ಊರಿನ ನುಡಿಯನ್ನು ಬಾನುಲಿಯಲ್ಲಿ ಕೇಳಿದ ಜನರಿಗೆ ತಮ್ಮ ಮಾತಿಗೂ ಬೆಲೆಯಿದೆಯೆಂಬ ಧೈರ್ಯ ಹುಟ್ಟುತ್ತದೆ.

ಈ ಧೈರ್ಯಕ್ಕೆ ಕಾನೂನಿನ ಬೆಂಬಲವೂ ದೊರೆತಿದೆ. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ಸಾರಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಆರಂಭದಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಹುಟ್ಟಿತು. ಆಗ ಹಳ್ಳಿಯವರಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲ. ಅವರು ಎದೆಗುಂದದೆ, ತಾವೇ ಸಿದ್ಧಪಡಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. 2006ರಲ್ಲಿ ಕೇಂದ್ರ ಸರ್ಕಾರವು ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸುವ ಅವಕಾಶ ಕೊಟ್ಟಿತು.

ಇಂದು ಧ್ವನಿಮುದ್ರಣಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲು ಸಾಕು. ಆದರೆ ತಾಳ್ಮೆಯಿಂದ ಕೇಳುವುದನ್ನು, ಅನುಮಾನ ಬಂದಲ್ಲಿ ಮತ್ತೆ ವಿಚಾರಿಸುವುದನ್ನು ಯಂತ್ರವು ಕಲಿಸುವುದಿಲ್ಲ. ಮನೆಯ ಹಿರಿಯರ ಬಳಿ ಕುಳಿತು ಅವರ ಕೆಲಸವನ್ನು ಕುರಿತು ಐದು ನಿಮಿಷ ಮಾತಾಡಿಸಿ, ಅದನ್ನು ಕಣ್ಣು ಮುಚ್ಚಿ ಕೇಳಿ ನೋಡಿದರೆ ಅಭ್ಯಾಸ ಆರಂಭವಾಯಿತೆಂದೇ ಅರ್ಥ. ಕಣ್ಣು ಮುಚ್ಚಿದಾಗಲೂ ಆ ಹಿರಿಯರು ಎದುರಿಗೆ ಕುಳಿತಂತೆ ತೋರಿದರೆ ಕೆಲಸ ಚೆನ್ನಾಗಿದೆ. ತೋರದಿದ್ದರೆ ಇನ್ನೊಮ್ಮೆ ಹೋಗಿ ಕೇಳಬೇಕು.