ಪಶ್ಚಿಮಕ್ಕೆ ನಡೆದ ಪೂರ್ವಿಕರು: ಇಂಗಲ್ಸ್ ಮನೆತನದ ಚರಿತ್ರೆಯ ಆಕರಗಳು

ವಂಶಚರಿತ್ರೆಯನ್ನು ಚರಿತ್ರೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಗುರವಾಗಿ ಕಾಣುವರು. ಅದು ಮನೆತನದ ಹೆಮ್ಮೆಗೆ ಸಂಬಂಧಿಸಿದ್ದೇ ಹೊರತು ಶಾಸ್ತ್ರವಲ್ಲವೆಂಬ ಭಾವನೆ ನಮ್ಮಲ್ಲಿದೆ. ಆದರೆ ಸಾಮಾನ್ಯ ಕುಟುಂಬವೊಂದರ ಜಾಡು ಹಿಡಿದು ಹೊರಟವನು, ಐತಿಹ್ಯವೆಷ್ಟು, ದಾಖಲೆಯೆಷ್ಟು ಎಂಬ ಪ್ರಶ್ನೆಯನ್ನು ಹೆಜ್ಜೆಹೆಜ್ಜೆಗೂ ಎದುರಿಸಬೇಕಾಗುತ್ತದೆ. ಇದನ್ನು ವಿಶದಪಡಿಸಲು, 19ನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮದ ಬಯಲುಗಳಿಗೆ ಗಾಡಿ ಕಟ್ಟಿಕೊಂಡು ಹೋಗಿ ನೆಲೆಸಿದ, ಆ ದೇಶದವರು ‘ಪಯೊನಿಯರ್’ ಎಂದು ಕರೆಯುವ ಜನರಲ್ಲಿ ಒಂದು ಮನೆತನವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಚಾರ್ಲ್ಸ್ ಇಂಗಲ್ಸ್ 1836ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದನು. 1860ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಕ್ಯಾರೊಲಿನ್ ಕ್ವೈನರ್ ಎಂಬಾಕೆಯನ್ನು ವಿವಾಹವಾದನು. 1902ರಲ್ಲಿ ದಕ್ಷಿಣ ಡಕೋಟದ ಡಿ ಸ್ಮೆಟ್ ಊರಿನಲ್ಲಿ ತೀರಿಕೊಂಡನು. ಈತನ ಎರಡನೆಯ ಮಗಳು ಲಾರಾ ಇಂಗಲ್ಸ್ ವೈಲ್ಡರ್ (1867–1957) 1932ರಿಂದ 1943ರವರೆಗೆ ಬರೆದ ಬಾಲಕಾದಂಬರಿಗಳ ಮೂಲಕ ಈ ಮನೆತನ ಲೋಕಪ್ರಸಿದ್ಧವಾಯಿತು. ಚಾರ್ಲ್ಸನ ನೇರ ಸಂತತಿಯಾದರೋ ಲಾರಾಳ ಮಗಳು ರೋಸ್ 1968ರಲ್ಲಿ ಮೃತಳಾದುದರೊಂದಿಗೆ ಮುಗಿಯಿತು. ಆದಕಾರಣ ಈ ಪೂರ್ವಿಕನನ್ನು ಅರಸಿ ದಫ್ತರಗಳನ್ನು ತಿರುವಿದವರು ಮೊಮ್ಮಕ್ಕಳಲ್ಲ, ಓದುಗರು ಮತ್ತು ವಿದ್ವಾಂಸರು.

ನಮ್ಮಲ್ಲಿ ಹೆಳವರು ಮನೆಬಾಗಿಲಿಗೆ ಬಂದು ವಂಶಾವಳಿಯನ್ನು ಒಪ್ಪಿಸುವ ಪದ್ಧತಿಯುಂಟು. ಊರಿಂದೂರಿಗೆ ಬೇರು ಕಿತ್ತುಕೊಂಡು ನಡೆದ ಆ ವಲಸಿಗರಿಗೆ ಅಂಥವರಿರಲಿಲ್ಲ. ಅವರ ಪಾಲಿಗೆ ಆ ಕೆಲಸವನ್ನು ಮಾಡಿದ್ದು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ಹಳೆಯ ಮೈಸೂರಿನವರು ಖಾನೇಷುಮಾರಿ ಎನ್ನುತ್ತಿದ್ದುದು. 1790ರಲ್ಲಿ ಆರಂಭವಾದ ಈ ಗಣತಿಯಲ್ಲಿ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ದೊರೆಯುತ್ತದೆ. 1850ರಿಂದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಜನ್ಮಸ್ಥಳಗಳು ಕಾಣಿಸಿಕೊಳ್ಳುತ್ತವೆ. ಗುಲಾಮರನ್ನು 1850 ಮತ್ತು 1860ರಲ್ಲಿ ಪ್ರತ್ಯೇಕ ಪಟ್ಟಿಯಲ್ಲಿ, ಬಹುಮಟ್ಟಿಗೆ ಹೆಸರಿಲ್ಲದೆ, ಒಡೆಯನ ಹೆಸರಿನ ಕೆಳಗೆ ಎಣಿಸಲಾಯಿತು. ಅವರ ವಂಶಸ್ಥರು ಇಂದಿಗೂ 1870ಕ್ಕಿಂತ ಹಿಂದೆ ಹೋಗಲು ಕಷ್ಟಪಡುವರು. 1890ರ ಗಣತಿಯ ಬಹುಭಾಗವಂತೂ 1921ರಲ್ಲಿ ವಾಷಿಂಗ್ಟನ್‌ನಲ್ಲಿ ಸಂಭವಿಸಿದ ಬೆಂಕಿಯ ಅನಾಹುತದಿಂದಾಗಿ ನಷ್ಟವಾಯಿತು. ವಲಸೆಯ ಕಾವು ಹೆಚ್ಚಿದ್ದ ಇಪ್ಪತ್ತು ವರ್ಷಗಳ ನಡುವಣ ಕೊಂಡಿ ಹೀಗೆ ಕಳಚಿಹೋಗಿದೆ.

ಇನ್ನು ಐತಿಹ್ಯದ ಕಡೆಗೆ ತಿರುಗೋಣ. 1935ರಲ್ಲಿ ಪ್ರಕಟವಾದ ‘ಲಿಟ್ಲ್ ಹೌಸ್ ಆನ್ ದಿ ಪ್ರೇರಿ’ ಎಂಬ ಕಾದಂಬರಿಯಲ್ಲಿ ಬಾಲಕಿ ಲಾರಾ ಎಲ್ಲವನ್ನೂ ಕಣ್ಣಾರೆ ಕಂಡು ಗ್ರಹಿಸುವಷ್ಟು ದೊಡ್ಡವಳು. ತಂಗಿ ಕ್ಯಾರಿ ಆಗಲೇ ಹುಟ್ಟಿದ್ದಾಳೆ. ಮನೆಯು ಇಂಡಿಪೆಂಡೆನ್ಸ್ ಪಟ್ಟಣದಿಂದ ನಲವತ್ತು ಮೈಲಿ ದೂರದಲ್ಲಿದೆ. ಆ ಲೆಕ್ಕವನ್ನು ನಂಬಿದರೆ ಮನೆಯನ್ನು ಇಂದಿನ ಒಕ್ಲಹೋಮದಲ್ಲಿ ಹುಡುಕಬೇಕು. ಆದರೆ 1870ರ ಗಣತಿಯು ಕುಟುಂಬವನ್ನು ಕ್ಯಾನ್ಸಸ್‌ನ ಮಾಂಟ್‌ಗೊಮರಿ ಕೌಂಟಿಯ ರಟ್ಲೆಂಡ್ ವಿಭಾಗದಲ್ಲಿ ತೋರಿಸುತ್ತದೆ; ಯಜಮಾನನ ವೃತ್ತಿ ಬಡಗಿ ಎಂದಿದೆ. ಮನೆಯ ಬೈಬಲ್ ಗ್ರಂಥದಲ್ಲಿ ಕ್ಯಾರಿಯ ಜನನ 1870ರ ಆಗಸ್ಟ್ 3, ಅದೇ ಕೌಂಟಿ ಎಂದು ಬರೆದಿಡಲಾಗಿದೆ. ಅಂದರೆ ಲಾರಾ ಅಲ್ಲಿದ್ದಾಗ ಎರಡರಿಂದ ನಾಲ್ಕು ವರ್ಷದ ಕೂಸು. ಅವಳು ಬರೆದಿರುವುದು ತಾನು ಕಂಡದ್ದನ್ನಲ್ಲ, ತಂದೆತಾಯಿಗಳಿಂದ ಕೇಳಿದ್ದನ್ನು. ಆಮೇಲೆ ಸ್ಥಳೀಯ ಸಂಶೋಧಕರು ನೆರೆಹೊರೆಯವರ ಭೂಹಕ್ಕುಗಳನ್ನು ಒಂದೊಂದಾಗಿ ಗುರುತಿಸಿ ಬದಿಗಿಟ್ಟು, ಉಳಿದ ತುಂಡಿನಲ್ಲಿ ಕೈಯಿಂದ ತೋಡಿದ ಹಳೆಯ ಬಾವಿಯೊಂದನ್ನು ಕಂಡು, ನಿವೇಶನವನ್ನು ನಿರ್ಧರಿಸಿದರು. ಅದು ಪಟ್ಟಣಕ್ಕೆ ಹದಿಮೂರು ಮೈಲಿಯಷ್ಟು ಸಮೀಪದಲ್ಲಿದೆ.

ಮಕ್ಕಳ ಜನ್ಮಸ್ಥಳಗಳೇ ಇಂಥ ಕುಟುಂಬದ ದಾರಿಯ ಮೈಲಿಗಲ್ಲುಗಳು. ಮೇರಿ, ಲಾರಾ ವಿಸ್ಕಾನ್ಸಿನ್‌ನಲ್ಲಿ, ಕ್ಯಾರಿ ಕ್ಯಾನ್ಸಸ್‌ನಲ್ಲಿ, ಕಿರಿಯಳಾದ ಗ್ರೇಸ್ 1877ರಲ್ಲಿ ಅಯೋವದ ಬರ್ ಓಕ್‌ನಲ್ಲಿ ಜನಿಸಿದರು. ಕಾದಂಬರಿಗಳಲ್ಲಿ ಅಯೋವದ ಪ್ರಸ್ತಾಪವೇ ಇಲ್ಲ. 1875ರಲ್ಲಿ ಹುಟ್ಟಿ ಒಂಬತ್ತು ತಿಂಗಳಿಗೆ ತೀರಿಕೊಂಡ ಒಬ್ಬನೇ ಮಗ ಫ್ರೆಡರಿಕ್‌ನ ಸುದ್ದಿಯೂ ಇಲ್ಲ. ಗಣತಿಗಳ ನಡುವೆ ಹುಟ್ಟಿ ಸತ್ತ ಕೂಸು ಸರ್ಕಾರದ ಪಟ್ಟಿಯಿಂದಲೂ ಜಾರಿಹೋಗುತ್ತದೆ. ಅದನ್ನು ಉಳಿಸುವುದು ಮನೆಯವರ ಬರಹ ಮಾತ್ರ. ದಾಖಲೆಯ ಪಕ್ಷವನ್ನು ವಹಿಸುವ ನಾವು ಇದನ್ನು ಮರೆಯಲಾಗದು.

ಎಲ್ಲ ಆಕರಗಳಲ್ಲಿ ಸಮೃದ್ಧವಾದುದು ಭೂದಫ್ತರ. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವನಿಗೆ 160 ಎಕರೆ ದೊರೆಯುತ್ತಿತ್ತು. ಚಾರ್ಲ್ಸ್ 1880ರಲ್ಲಿ ಡಿ ಸ್ಮೆಟ್ ಬಳಿ ಅರ್ಜಿ ಹಾಕಿ 1886ರಲ್ಲಿ ರುಜುವಾತು ಪೂರೈಸಿದನು. ಹಕ್ಕುಪತ್ರವೆಂಬುದು ಒಂದು ಒಣ ಹಾಳೆ; ಅದರ ಹಿಂದಿರುವ ಕಡತದಲ್ಲಾದರೆ ಮನೆಯ ಅಳತೆ, ಉತ್ತ ನೆಲ, ಕುಟುಂಬದ ವಿವರ, ಇಬ್ಬರು ಸಾಕ್ಷಿಗಳ ಹೇಳಿಕೆ ಎಲ್ಲವೂ ಇರುತ್ತವೆ. ಹಕ್ಕು ದೊರೆಯದವರ ಕಡತಗಳನ್ನೂ ಇಡಲಾಗಿದೆ. ಸಾಕ್ಷಿಗಳು ನೆರೆಯವರು, ನಾಳೆ ಅವರಿಗೂ ಇವನ ಸಾಕ್ಷಿ ಬೇಕು. ಆದುದರಿಂದ ಆ ಹೇಳಿಕೆಗಳನ್ನೂ ಒರೆಗೆ ಹಚ್ಚಿಯೇ ಸ್ವೀಕರಿಸುವುದು ವಿಹಿತ.

ಕ್ಯಾನ್ಸಸ್‌ನಲ್ಲಿ ಮಾತ್ರ ಚಾರ್ಲ್ಸನ ಹೆಸರಿನಲ್ಲಿ ಇಂಥ ಕಡತ ಹುಟ್ಟಲಿಲ್ಲ. ಕಾದಂಬರಿಯ ಪ್ರಕಾರ, ನೆಲೆಸಿದವರನ್ನು ಸರ್ಕಾರದ ಸೈನಿಕರು ಹೊರಹಾಕುವರೆಂಬ ಸುದ್ದಿ ಕೇಳಿ ತಂದೆ ಸಿಟ್ಟಿನಿಂದ ಗಾಡಿ ಹೂಡುತ್ತಾನೆ. ದಾಖಲೆಗಳು ಬೇರೆ ಮಾತನ್ನು ಹೇಳುತ್ತವೆ. ಆ ನೆಲ ಒಸೇಜ್ ಜನಾಂಗಕ್ಕೆ ಉಳಿದಿದ್ದ ಮೀಸಲು ಪ್ರದೇಶ. 1870ರ ಸೆಪ್ಟೆಂಬರಿನಲ್ಲಿ ಅದನ್ನು ಮಾರಿ ದಕ್ಷಿಣಕ್ಕೆ ಹೋಗಲು ಒಪ್ಪಬೇಕಾಗಿ ಬಂದದ್ದು ಒಸೇಜರಿಗೇ. ಇಂಗಲ್ಸ್ ಕುಟುಂಬ 1871ರಲ್ಲಿ ಹಿಂದಿರುಗಿದ್ದಾದರೋ, ವಿಸ್ಕಾನ್ಸಿನ್‌ನ ಅವರ ಜಮೀನನ್ನು ಕೊಂಡಿದ್ದವನು ಹಣ ತೆರಲಾರದೆ ಹೋದುದರಿಂದ. 1870ರ ಗಣತಿಯ ಪುಟದಲ್ಲಿ ಭೂಮಿಯ ಬೆಲೆಯನ್ನು ನಮೂದಿಸುವ ಅಂಕಣ ಖಾಲಿಯಾಗಿದೆ. ಕಾರಣವನ್ನು ಗಣತಿದಾರನೇ ಬರೆದಿಟ್ಟಿದ್ದಾನೆ: ನೆಲ ಒಸೇಜರದು, ನೆಲೆಸಿದವರಿಗೆ ಅದರ ಮೇಲೆ ಹಕ್ಕಿಲ್ಲ.