ಮಗಳ ತೋಳಿನ ಬಿಲ್ಲೆ

ಮಗಳ ಎಡತೋಳಿನ ಹಿಂಬದಿಗೆ ನಾಣ್ಯದಷ್ಟಗಲದ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿರುತ್ತದೆ. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಅದನ್ನು ಕಂಡವರು ಕೇಳುತ್ತಾರೆ, ಡಯಾಬಿಟಿಸ್ ಎಂದರೆ, "ಸಣ್ಣದಿರುವಾಗ ಸ್ವೀಟ್ ಜಾಸ್ತಿ ಕೊಟ್ರಾ ಮಾರಾಯ್ರೆ?" ಎನ್ನುತ್ತಾರೆ. ಹಾಗಲ್ಲ. ಟೈಪ್ 1 ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳುಮಾಡುತ್ತದೆ. ಇನ್ಸುಲಿನ್ ಹೊರಗಿನಿಂದಲೇ ಹೋಗಬೇಕು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಸಿಗುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಬಿಲ್ಲೆಯ ಹೆಸರು ಸೆನ್ಸರ್. ಕೂದಲಿನಂಥ ಎಳೆಯೊಂದು ಚರ್ಮದಡಿ ಇಳಿದು, ಜೀವಕೋಶಗಳ ನಡುವಿನ ದ್ರವದಲ್ಲಿ ಸಕ್ಕರೆ ಅಳೆಯುತ್ತದೆ. ಒಂದು ಬಿಲ್ಲೆ 14 ದಿನ ಬರುತ್ತದೆ. ಬೆರಳು ಚುಚ್ಚಿದರೆ ಸಿಗುವುದು ಬರೀ ಅಂಕೆ. ಇದರಲ್ಲಿ ಅಂಕೆಯ ಪಕ್ಕ ಬಾಣವೂ ಇರುತ್ತದೆ. ನನಗೆ ಬಾಣವೇ ಮುಖ್ಯ. 110 ಇದ್ದು ಬಾಣ ನೇರವಿದ್ದರೆ ಅವಳು ತ್ರೋಬಾಲ್ ಆಡಬಹುದು. ಅದೇ 110ಕ್ಕೆ ಬಾಣ ಕೆಳಮುಖವಾಗಿದ್ದರೆ ಮೊದಲು ಎರಡು ಬಾಳೆಹಣ್ಣು ತಿನ್ನಬೇಕು. ಈಗ ಅದನ್ನು ಅವಳೇ ನೋಡಿ, ಅವಳೇ ನಿರ್ಧರಿಸುತ್ತಾಳೆ.

ಯಂತ್ರವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಕಾರ್ಕಳದ ಅಜ್ಜಿಮನೆಯಲ್ಲಿ ಒಂದು ರಾತ್ರಿ ಅಲಾರಾಂ ಹೊಡೆದುಕೊಂಡಿತು: 58. ಅಜ್ಜಿ ಸಕ್ಕರೆ ಡಬ್ಬಿ ಹಿಡಿದು ಓಡಿಬಂದರು. ಬೆರಳು ಚುಚ್ಚಿ ನೋಡಿದರೆ 104! ಮಗು ಆ ತೋಳಿನ ಮೇಲೇ ಮಲಗಿತ್ತು. ಒತ್ತಡ ಬಿದ್ದರೆ ಸೆನ್ಸರ್ ಕಡಿಮೆ ತೋರಿಸುತ್ತದೆ. ಸಕ್ಕರೆ ಸರ್ರನೆ ಏರಿಳಿಯುವಾಗಲೂ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಏಪ್ರಿಲ್ ಬಂತೆಂದರೆ ನಮ್ಮ ಕರಾವಳಿಯ ಬೆವರಿಗೆ ಅಂಟು ಬಿಡುತ್ತದೆ, ಮೇಲೊಂದು ಪಟ್ಟಿ ಹಾಕಬೇಕು.

ಶಾಲೆಯಲ್ಲಿ ಒಮ್ಮೆ, ಸೆನ್ಸರಿನ ಅಂಕೆ ತೋರಿಸುವ ರೀಡರನ್ನು ಮೊಬೈಲ್ ಎಂದುಕೊಂಡು ತೆಗೆದಿಟ್ಟರು. ಮಗಳು ಇಡೀ ಮಧ್ಯಾಹ್ನ ಹೆದರಿಕೊಂಡೇ ಕುಳಿತಿದ್ದಳು. ಟೈಪ್ 1 ಮಕ್ಕಳು ಪರೀಕ್ಷಾ ಕೊಠಡಿಗೆ ತಿಂಡಿ, ನೀರು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿಸಿದೆ. ತರಗತಿಯ ಟೀಚರಿಗೂ ಇದು ಗೊತ್ತಿರಬೇಡವೇ? ಮಗು ನಡುಗಿದರೆ, ಬೆವರಿದರೆ, ಸುಮ್ಮಸುಮ್ಮನೆ ಸಿಡುಕಿದರೆ ಸಕ್ಕರೆ ನೋಡಬೇಕು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಸೆನ್ಸರಿಗೆ ತಿಂಗಳಿಗೆ ಸಾವಿರಾರು ರೂಪಾಯಿ. ನಾವು ಹೇಗೋ ಹೊಂದಿಸುತ್ತೇವೆ. ಮಣಿಪಾಲದ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರುವ, ಬೀಡಿ ಕಟ್ಟುವ ತಾಯಿ ಈಗಲೂ ನೋಟ್‌ಬುಕ್ಕಿನಲ್ಲಿ ಅಂಕೆ ಬರೆದು ತರುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಮಗನ ಬೆರಳು ಚುಚ್ಚುತ್ತಾರೆ. ಆ ಹುಡುಗನಿಗೂ ಈ ಬಿಲ್ಲೆ ಸಿಗಬೇಕು.