ನಿಂತ ವಾಹನದ ಪ್ರಶ್ನೆ: ಸಿಂಗಾಪುರದ ನಿಲುಗಡೆ ನಿಯಂತ್ರಣ ಮತ್ತು ಬೆಂಗಳೂರು

ನಗರ ಸಂಚಾರವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಚಲಿಸುವ ವಾಹನವನ್ನೇ ಕೇಂದ್ರವಾಗಿರಿಸಿಕೊಂಡಿವೆ. ರಸ್ತೆ ವಿಸ್ತರಣೆ, ಮೇಲ್ಸೇತುವೆ, ಸುರಂಗಮಾರ್ಗಗಳೆಲ್ಲವೂ ಈ ದೃಷ್ಟಿಯ ಫಲಗಳು. ಆದರೆ ಖಾಸಗಿ ಕಾರು ದಿನದ ಬಹುಪಾಲನ್ನು ಕಳೆಯುವುದು ನಿಂತಲ್ಲಿಯೇ. ಮನೆಯ ಮುಂದೆ ಒಂದು ಜಾಗ, ಕಚೇರಿಯಲ್ಲಿ ಒಂದು ಜಾಗ, ಮಾರುಕಟ್ಟೆಯಲ್ಲಿ ಮತ್ತೊಂದು ಎಂಬಂತೆ ಒಂದೇ ವಾಹನಕ್ಕೆ ನಗರವು ಹಲವು ತಾಣಗಳನ್ನು ಮೀಸಲಿಡಬೇಕಾಗುತ್ತದೆ. ದೆಹಲಿಯ 2021ರ ಮಹಾಯೋಜನೆಯ ಲೆಕ್ಕದಂತೆ ಓಡಾಟದ ದಾರಿಯೂ ಸೇರಿ ಒಂದು ಕಾರಿಗೆ ಬಯಲಿನಲ್ಲಿ 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಬೇಕು. 2015ರ ಪ್ರಧಾನಮಂತ್ರಿ ನಗರ ವಸತಿ ಯೋಜನೆಯು ಆರ್ಥಿಕವಾಗಿ ದುರ್ಬಲರಾದವರಿಗೆ ಕಲ್ಪಿಸಿದ ಮನೆಯ ಒಳವಿಸ್ತಾರ 30 ಚದರ ಮೀಟರ್‌ವರೆಗಿನದು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವವರು ವಿರಳ.

ನಿಲುಗಡೆಯ ಜಾಗವು ಕಾರಿನ ಪಯಣದ ಪರಿಣಾಮವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದು ಪಯಣದ ಕಾರಣವೂ ಹೌದು. ತಲುಪಿದೆಡೆ ನಿಲ್ಲಿಸಲು ಜಾಗ ಖಚಿತವಿದ್ದು, ಅದಕ್ಕೆ ಬೆಲೆಯೂ ಇಲ್ಲದಿದ್ದರೆ ಕಾರನ್ನು ಹೊರತೆಗೆಯದಿರಲು ಕಾರಣವೇ ಉಳಿಯುವುದಿಲ್ಲ. ಅಮೆರಿಕದ ವಿದ್ವಾಂಸ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು. ಆದರೆ ಅದಕ್ಕೂ ಮೂರು ದಶಕಗಳ ಮೊದಲೇ ಸಿಂಗಾಪುರವು ಇದನ್ನು ಆಡಳಿತದಲ್ಲಿ ಪ್ರಯೋಗಿಸಿತ್ತು. ಆ ಪ್ರಯೋಗದ ಯಶಸ್ಸಿನಷ್ಟೇ ಅದರ ಒಂದು ವಿಫಲತೆಯೂ ಅಧ್ಯಯನಯೋಗ್ಯವಾಗಿದೆ.

1975ರ ಜೂನ್ ತಿಂಗಳಲ್ಲಿ ಸಿಂಗಾಪುರದ ಕೇಂದ್ರಭಾಗಕ್ಕೆ ಪ್ರದೇಶ ಪರವಾನಗಿ ಪದ್ಧತಿ ಜಾರಿಗೆ ಬಂದಿತು. ಬೆಳಗ್ಗೆ 7.30ರಿಂದ 9.30ರವರೆಗೆ ಆ ವಲಯವನ್ನು ಪ್ರವೇಶಿಸುವ ಕಾರು ದಿನಕ್ಕೆ 3 ಡಾಲರಿನ ಕಾಗದದ ಪರವಾನಗಿಯನ್ನು ಗಾಜಿಗೆ ಅಂಟಿಸಿಕೊಂಡಿರಬೇಕಾಗಿತ್ತು. ನಾಲ್ವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕುಳಿತ ಕಾರಿಗೆ ವಿನಾಯಿತಿ ಇತ್ತು. ಒಂಟಿ ಚಾಲಕರು ಬಸ್ ನಿಲ್ದಾಣಗಳಲ್ಲಿ ಕಾದಿದ್ದ ಅಪರಿಚಿತರನ್ನು ಹತ್ತಿಸಿಕೊಳ್ಳುವ ಪರಿಪಾಠವೂ ಬೆಳೆಯಿತು. 9.30ರ ನಂತರ ನುಗ್ಗುವವರ ದಟ್ಟಣೆ ಕಂಡುಬಂದುದರಿಂದ ಕೆಲವೇ ವಾರಗಳಲ್ಲಿ ಅವಧಿಯನ್ನು 10.15ರವರೆಗೆ ವಿಸ್ತರಿಸಲಾಯಿತು. ಪರವಾನಗಿಯ ಜೊತೆಯಲ್ಲಿಯೇ ಕೇಂದ್ರಭಾಗದ ನಿಲುಗಡೆ ಶುಲ್ಕವನ್ನೂ ಏರಿಸಲಾಯಿತು. ಬೆಳಗಿನ ಹೊತ್ತು ವಲಯವನ್ನು ಪ್ರವೇಶಿಸುವ ಕಾರುಗಳ ಸಂಖ್ಯೆ ತೀವ್ರವಾಗಿ ಇಳಿಯಿತು.

ಇದರೊಂದಿಗೆ ಕೈಗೊಂಡ ಮತ್ತೊಂದು ಕ್ರಮವು ನಿರೀಕ್ಷೆಯನ್ನು ಸುಳ್ಳಾಗಿಸಿತು. ಕಾರನ್ನು ವಲಯದ ಅಂಚಿನಲ್ಲಿ ಬಿಟ್ಟು ವಿಶೇಷ ಬಸ್ಸಿನಲ್ಲಿ ಒಳಗೆ ಹೋಗಲೆಂದು ಸುಮಾರು 10,000 ವಾಹನಗಳ ನಿಲುಗಡೆ ತಾಣಗಳನ್ನು ಸಿದ್ಧಪಡಿಸಲಾಗಿತ್ತು. ಅವು ಬಹುತೇಕ ಖಾಲಿಯೇ ಉಳಿದವು. ಕಾರಣ ಸರಳವಾದುದು. ಕಾರು ಬಿಡಲು ನಿರ್ಧರಿಸಿದವನು ಮನೆಯ ಬಳಿಯಲ್ಲಿಯೇ ಬಸ್ಸನ್ನೇರಿದ. ಬಿಡಲೊಪ್ಪದವನು ಹಣ ತೆತ್ತು ಒಳಗೇ ಹೋದ, ಇಲ್ಲವೇ ಹೊತ್ತನ್ನು ಬದಲಿಸಿಕೊಂಡ. ಅರ್ಧ ದಾರಿಯಲ್ಲಿ ಇಳಿಯುವ ಪ್ರಯಾಣಿಕನು ಯೋಜಕರ ಕಲ್ಪನೆಯಲ್ಲಿದ್ದಷ್ಟು ಸಂಖ್ಯೆಯಲ್ಲಿ ನಗರದಲ್ಲಿ ಇರಲಿಲ್ಲ.

ಜನ ಬಸ್ಸನ್ನೇರಲು ಸಾಧ್ಯವಾದುದು ಅದಕ್ಕೆ ಮುಂಚಿತವಾಗಿ ನಡೆದ ಸಿದ್ಧತೆಯಿಂದ ಎಂಬುದನ್ನು ಇಲ್ಲಿ ಗಮನಿಸಬೇಕು. 1973ರಲ್ಲಿ ಬಸ್ ಕಂಪನಿಗಳು ಒಂದುಗೂಡಿದ್ದವು. 1974ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥಗಳು ಬಂದಿದ್ದವು. ನಗರ ರೈಲು ಆರಂಭವಾದುದು 1987ರಲ್ಲಿ, ಅಂದರೆ ನಿರ್ಬಂಧವು ಜಾರಿಯಾದ ಹನ್ನೆರಡು ವರ್ಷಗಳ ನಂತರ. ಮೆಟ್ರೋ ಪೂರ್ಣಗೊಳ್ಳದೆ ಕಾರನ್ನು ನಿಯಂತ್ರಿಸಲಾಗದೆಂಬ ವಾದಕ್ಕೆ ಈ ಇತಿಹಾಸದಲ್ಲಿ ಆಧಾರ ದೊರೆಯುವುದಿಲ್ಲ. 1990ರಲ್ಲಿ ವಾಹನ ಒಡೆತನಕ್ಕೇ ಮಿತಿ ಹಾಕಲಾಯಿತು. 1998ರಲ್ಲಿ ಕಾಗದದ ಪರವಾನಗಿಯ ಸ್ಥಾನಕ್ಕೆ ವಿದ್ಯುನ್ಮಾನ ಶುಲ್ಕ ಬಂದಿತು. 2018ರಲ್ಲಿ ಕಾರುಗಳ ಸಂಖ್ಯೆಯ ಬೆಳವಣಿಗೆಯ ದರವನ್ನು ಸೊನ್ನೆಗಿಳಿಸಲಾಯಿತು.

ಜಪಾನು ಬೇರೊಂದು ತುದಿಯಿಂದ ಹೊರಟಿತು. ಅಲ್ಲಿನ 1962ರ ಕಾನೂನಿನ ಪ್ರಕಾರ ಕಾರು ಕೊಳ್ಳುವವರು ರಸ್ತೆಯಿಂದ ಹೊರಗೆ ಅದನ್ನು ನಿಲ್ಲಿಸಲು ಜಾಗವಿದೆಯೆಂದು ದೃಢಪಡಿಸಬೇಕು. ಸಾರ್ವಜನಿಕ ಬೀದಿಯು ಯಾರೊಬ್ಬರ ಕೊಟ್ಟಿಗೆಯೂ ಅಲ್ಲವೆಂಬುದೇ ಅದರ ತಿರುಳು.

ಭಾರತದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ನಿಲುಗಡೆ ಶುಲ್ಕವು ಆಕ್ರಮಿಸಿದ ನೆಲದ ನಿಜವಾದ ಬೆಲೆಯನ್ನು ಪ್ರತಿಬಿಂಬಿಸಬೇಕೆಂದು ಹೇಳಿತು. ಬೆಂಗಳೂರಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ರೂಪಿಸಿದ ಪಾರ್ಕಿಂಗ್ ನೀತಿ 2.0ಕ್ಕೆ ಸರ್ಕಾರದ ಒಪ್ಪಿಗೆ ದೊರೆತುದು 2021ರಲ್ಲಿ. ಪ್ರದೇಶವಾರು ನಿಲುಗಡೆ ಯೋಜನೆ, ಬೀದಿಯಲ್ಲಿ ಶುಲ್ಕ, ವಸತಿ ಪ್ರದೇಶಗಳಲ್ಲಿ ಪರವಾನಗಿ ಇವೇ ಮೊದಲಾದ ಕ್ರಮಗಳು ಅದರಲ್ಲಿವೆ. ಕಾಗದದ ಮೇಲೆ ಇದು ಪ್ರಬುದ್ಧವಾದ ದಾಖಲೆ. ಆದರೆ ಆಚರಣೆಯಲ್ಲಿ ಕಟ್ಟಡ ಕಟ್ಟುವುದೇ ಸುಲಭವೆನಿಸಿದೆ. ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ನಿಲುಗಡೆ ತಾಣವು ನಿರ್ಮಾಣಗೊಂಡ ನಂತರವೂ ದೀರ್ಘಕಾಲ ಬಳಕೆಗೆ ಬಾರದೆ, 2024ರಲ್ಲಿ ತೆರೆಯಿತು. ಸಮೀಪದ ಬೀದಿಯಲ್ಲಿ ಪುಕ್ಕಟೆಯಾಗಿ ನಿಲ್ಲಿಸಬಹುದಾದಾಗ ಹಣ ಕೊಟ್ಟು ನೆಲಮಾಳಿಗೆಗೆ ಇಳಿಯುವವರು ಯಾರು? ಬೀದಿಗೆ ಬೆಲೆ ಕಟ್ಟದೆ ಕಟ್ಟಡ ಕಟ್ಟುವುದು, ಸಿಂಗಾಪುರದ ಅಂಚಿನ ತಾಣಗಳಂತೆಯೇ, ಖಾಲಿ ಜಾಗಕ್ಕೆ ಹಣ ತೆತ್ತಂತೆ.

ಎರಡು ನಗರಗಳ ಸ್ಥಿತಿ ಒಂದೇ ಅಲ್ಲ. ಬೆಂಗಳೂರಿನ ವಾಹನಗಳಲ್ಲಿ ಹೆಚ್ಚಿನವು ದ್ವಿಚಕ್ರಗಳು. ಸಿಂಗಾಪುರದಲ್ಲಿ ಒಂದೇ ಸರ್ಕಾರದ ಕೈಯಲ್ಲಿರುವ ಅಧಿಕಾರವು ಇಲ್ಲಿ ಪಾಲಿಕೆ, ಸಂಚಾರ ಪೊಲೀಸ್, ಬಸ್ ಮತ್ತು ಮೆಟ್ರೋ ನಿಗಮಗಳಲ್ಲಿ ಹಂಚಿಹೋಗಿದೆ. ಬೀದಿಗಳನ್ನು ನೋಡಿಕೊಳ್ಳುವ ಪಾಲಿಕೆಯೇ 2025ರಲ್ಲಿ ಐದಾಗಿ ವಿಭಜನೆಗೊಂಡಿದೆ. ಗಡಿಯ ಒಂದು ಬದಿಯಲ್ಲಿ ಶುಲ್ಕ ವಿಧಿಸಿ ಇನ್ನೊಂದು ಬದಿಯಲ್ಲಿ ಬಿಟ್ಟರೆ ಕಾರುಗಳು ರಸ್ತೆ ದಾಟಿ ನಿಲ್ಲುತ್ತವೆಯಷ್ಟೆ. ಜಪಾನಿನ ಮಾದರಿಯನ್ನು ಇಲ್ಲಿ ಯಥಾವತ್ತಾಗಿ ತರುವುದೂ ಕಠಿಣ. ಹಳೆಯ ಬಡಾವಣೆಗಳ ಇಪ್ಪತ್ತು-ಮೂವತ್ತು ಅಡಿಯ ನಿವೇಶನಗಳಲ್ಲಿ ಕಾರಿಗೆ ಜಾಗವೇ ಇಲ್ಲ. ಅಂತಹ ಓಣಿಗಳಲ್ಲಿ ಶುಲ್ಕ ತೆತ್ತು ಪಡೆದ ಪರವಾನಗಿಗೆ ಎಷ್ಟು ಕಾರುಗಳನ್ನು ಬಿಡಬೇಕು, ಪಾದಚಾರಿಗೆ ಎಷ್ಟು ಅಗಲ ಉಳಿಯಬೇಕು ಎಂಬುದನ್ನು ಓಣಿ ಓಣಿಯನ್ನೂ ಅಳೆದೇ ತೀರ್ಮಾನಿಸಬೇಕಾಗುತ್ತದೆ.